ಗುಂಟೆಗೆ 475 ರೂಪಾಯಿ

ಮಹಾಪೂರದ ವರ್ಷ ನಮ್ಮ ಕಡೆಯ ಪತ್ರಿಕೆಗಳಲ್ಲಿ ಅದೇ ಹೆಸರುಗಳು ಸಾಲಾಗಿ ಬರುತ್ತವೆ: ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭಿವಶಿ. ಮುಳುಗಿದ ಸೇತುವೆಗಳಿವು. ಮುಂದಿನ ಸುದ್ದಿ ಓದದೆಯೂ ಗೊತ್ತು: ಹೊಳೆಸಾಲಿನ ತೋಟದ ವಸ್ತಿಗಳು ನಡುಗಡ್ಡೆಯಾದವು, ದನಕರು ಸಮೇತ ಜನ ದೋಣಿಯಲ್ಲಿ ಹೊರಬಂದರು. ದೂಧಗಂಗಾ, ವೇದಗಂಗಾ, ಪಂಚಗಂಗೆಯ ನೀರೆಲ್ಲ ಕೃಷ್ಣೆಗೇ ಬಂದು ಬೀಳುವ ಸೀಮೆ ಇದು. 2005, 2019, 2021 ಎಂದರೆ ಸಾಕು, ಚಿಕ್ಕೋಡಿಯಿಂದ ಅಥಣಿವರೆಗೆ ಯಾರೂ ವಿವರ ಕೇಳುವುದಿಲ್ಲ.

ನೀರಿಳಿದ ಮೇಲೆ ಹಾನಿ ಬರೆದುಕೊಳ್ಳುವ ಪಂಚನಾಮೆ. ನಾನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಆ ಹಾಳೆಯನ್ನೇ. ನೆಲಕ್ಕೆ ಬೆಲೆ ಕಟ್ಟುವ ನಮ್ಮ ಪದ್ಧತಿಯೆಲ್ಲ ಅದರೊಳಗೆ ಇದೆ.

ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಸರ್ಕಾರ 2022–26ರ ಅವಧಿಗೆ ಹಾಕಿಕೊಟ್ಟ ದರ ಹೀಗಿತ್ತು. ನೀರಾವರಿ ಬೆಳೆ ಹಾಳಾದರೆ ಹೆಕ್ಟೇರಿಗೆ 17,000 ರೂಪಾಯಿ. ಹೊಲದಲ್ಲಿ ಮೂರು ಇಂಚಿಗಿಂತ ದಪ್ಪ ಮರಳು, ರಾಡಿ ಕೂತರೆ ಅದನ್ನು ತೆಗೆಸಲು 18,000. ಹೊಳೆ ದಿಕ್ಕು ಬದಲಿಸಿ ಹೊಲವನ್ನೇ ಒಯ್ದರೆ ಸಣ್ಣ, ಅತಿಸಣ್ಣ ರೈತರಿಗೆ 47,000. ಹೆಕ್ಟೇರೆಂದರೆ ಹೆಚ್ಚುಕಡಿಮೆ 99 ಗುಂಟೆ. ಅಂದರೆ ಮತ್ತೆಂದೂ ಕೈಗೆ ಸಿಗದ ಭೂಮಿಗೆ ಗುಂಟೆಗೆ 475 ರೂಪಾಯಿ.

ಅದೇ ಗುಂಟೆಯಲ್ಲಿ ಬೆಳೆ ಚಲೋ ಬಂದರೆ ವರ್ಷಕ್ಕೆ ಒಂದು ಟನ್ ಕಬ್ಬು ಬರುತ್ತದೆ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ಬೇಕೆಂದು ರಸ್ತೆಯಲ್ಲಿ ಕೂತರು, ಮಾತು 3,300ಕ್ಕೆ ಮುಗಿಯಿತು. ಆ ಹೋರಾಟ ನ್ಯಾಯದ್ದು. ಆದರೆ ಒಂದು ವರ್ಷದ ಕಬ್ಬಿಗೆ 3,300, ಕಬ್ಬು ಕೊಡುವ ನೆಲ ಕಾಯಂ ಹೋದರೆ 475 ಎಂಬ ಲೆಕ್ಕಕ್ಕೆ ನಾವು ರಸ್ತೆಗೆ ಇಳಿದಿಲ್ಲ. ಬೆಳೆಹಾನಿಗೆ ರಾಜ್ಯ ಸರ್ಕಾರ ತನ್ನ ಕಡೆಯಿಂದ ಹೆಚ್ಚಿಗೆ ಸೇರಿಸಿದ್ದುಂಟು, 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿದ್ದೂ ಉಂಟು. ಅದನ್ನು ಮರೆಯಬಾರದು. ಬೆಳೆಗೂ ಮನೆಗೂ ದನಿ ಎತ್ತುವವರು ಇದ್ದರು. ಮಣ್ಣಿಗೆ ಇರಲಿಲ್ಲ.

ಮೂರು ಇಂಚಿನ ಆ ರಾಡಿಯ ಮಾತು ಇನ್ನೂ ಸ್ವಲ್ಪ ಆಡಬೇಕು. ಹೊಳೆ ತಂದು ಹಾಕುವ ಮೆಕ್ಕಲು ಮಣ್ಣಿನಿಂದಲೇ ಈ ಹೊಳೆದಂಡೆ ಬದುಕಿದ್ದು. ಪಂಚನಾಮೆಗೆ ಅದು ಬರೀ ಕಸ. ಕೆಲವು ಕಡೆ ನಿಜಕ್ಕೂ ಕಸವೇ, ಬರಿ ಮರಳು ಬಂದು ಕೂತಿರುತ್ತದೆ. ಆದರೆ ಯಾವುದು ಮರಳು, ಯಾವುದು ಮೆಕ್ಕಲು ಎಂದು ಕೈಯಲ್ಲಿ ಹಿಡಿದು ನೋಡುವ ಕಾಲಂ ಆ ಹಾಳೆಯಲ್ಲಿ ಇಲ್ಲ. ಇತ್ತ ಅದೇ ದಂಡೆಯ ಮಣ್ಣು ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಟ್ರಿಪ್ಪಿನ ಲೆಕ್ಕದಲ್ಲಿ ಇಟ್ಟಂಗಿ ಭಟ್ಟಿಗೆ ಹೋಗುತ್ತದೆ. ಮಾರಿದವನೂ ರೈತನೇ, ಮಗಳ ಮದುವೆಗೋ ಸೊಸೈಟಿ ಸಾಲಕ್ಕೋ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಮಣ್ಣು ಮಾರಿದರಷ್ಟೇ ಅದಕ್ಕೊಂದು ರೇಟು ಎಂದು ಅವನಿಗೆ ಕಲಿಸಿದ್ದು ಈ ಲೆಕ್ಕವೇ.

ಇನ್ನೊಂದು ನಷ್ಟಕ್ಕೆ ಪಂಚನಾಮೆಯಲ್ಲಿ ಹೆಸರೇ ಇಲ್ಲ: ನೆಲಕ್ಕೆ ಉಪ್ಪೇರುವ ಸವಳು-ಜವಳು. ಮಾರ್ಚ್ ತಿಂಗಳಲ್ಲಿ ಕಾಗವಾಡದ ಹೊಳೆದಂಡೆಯ ಅಂಥದೊಂದು ಹೊಲಕ್ಕೆ ಹೋಗಿದ್ದೆ. ದೂರದಿಂದ ಸುಣ್ಣ ಚೆಲ್ಲಿದಂತೆ ಕಂಡಿತು. ಕಾಲಿಟ್ಟರೆ ಮೇಲಿನ ಪದರು ಹಪ್ಪಳದಂತೆ ಮುರಿದು ಒಳಗೆ ಹಸಿ ಹತ್ತಿತು. ಕುಳೆ ಕಬ್ಬು ಮೊಣಕಾಲೆತ್ತರಕ್ಕೆ ನಿಂತುಬಿಟ್ಟಿತ್ತು, ಗರಿಯ ತುದಿ ಸುಟ್ಟಂತೆ ಹಳದಿ. ಹೊಲದ ಕಾಕಾ ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿಕೊಂಡು ನೋಡಿ, “ನೀ ಬ್ಯಾಡ ತಮ್ಮಾ, ಬಾಯಿ ಕೆಡತೈತಿ” ಅಂದರು. ನಲವತ್ತು ವರ್ಷ ಹರಿನೀರು ಬಿಟ್ಟ ಹೊಲವದು. ಮೇಲೆ ನೀರು ಹೆಚ್ಚಾಯಿತು, ಕೆಳಗೆ ಬಸಿದು ಹೋಗಲು ದಾರಿ ಇರಲಿಲ್ಲ, ಅಡಿಯ ಉಪ್ಪು ನೀರಿನೊಂದಿಗೆ ಮೇಲೇರಿತು. ಇದು ಒಂದೇ ರಾತ್ರಿಯ ಮಹಾಪೂರವಲ್ಲ, ಆದ್ದರಿಂದ ಯಾರೂ ಪಂಚನಾಮೆಗೆ ಬರುವುದಿಲ್ಲ.

ನೆಲವನ್ನು ಬರೀ ಟನ್ನಿನಲ್ಲಿ ಅಳೆದ ಕಥೆ ಬೇರೆ ಕಡೆಯೂ ಇದೆ. ಶಾಂತಸಾಗರದ ನಡುವೆ ನೌರು ಎಂಬ 21 ಚದರ ಕಿಲೋಮೀಟರಿನ ದ್ವೀಪವಿದೆ. ಆಸ್ಟ್ರೇಲಿಯಾ ಸೇರಿದಂತೆ ಹೊರಗಿನವರು ಅದನ್ನು ತೂಗಿದ್ದು ಗೊಬ್ಬರದ ಫಾಸ್ಫೇಟಿನ ಟನ್ನಿನಲ್ಲಿ. ಅಗೆದು ಅಗೆದು ದ್ವೀಪದ ನಡುಭಾಗದಲ್ಲಿ ಉಳಿದದ್ದು ಹವಳದ ಚೂಪುಗಲ್ಲು, ಅಲ್ಲಿ ಬೇಸಾಯ ಸಾಧ್ಯವಿಲ್ಲ. 1989ರಲ್ಲಿ ನೌರು ಆಸ್ಟ್ರೇಲಿಯಾವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯಿತು, 1993ರಲ್ಲಿ ರಾಜಿಯಾಗಿ ಪರಿಹಾರ ಸಿಕ್ಕಿತು. ನೆಲ ಮರಳಿ ಬರಲಿಲ್ಲ. ನಮ್ಮದು ನೌರು ಅಲ್ಲ, ಹೊಳೆ ಇನ್ನೂ ಮಣ್ಣು ತರುತ್ತಿದೆ. ಆದರೂ ಟನ್ನಿನ ಲೆಕ್ಕವೊಂದೇ ಲೆಕ್ಕವಾದರೆ ಏನಾಗುತ್ತದೆ ಎಂಬುದನ್ನು ಆ ಪುಟ್ಟ ದ್ವೀಪ ನಮಗಿಂತ ಮೊದಲೇ ಉಂಡಿದೆ.

ನಮ್ಮ ಸೀಮೆಯ ಜನಕ್ಕೆ ಕೂಡಿ ದುಡಿಯುವುದು ಹೊಸದಲ್ಲ. ಅಥಣಿಯಿಂದ ಕೆಳಗೆ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಹಾಕಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅದೇ ಶ್ರಮಬಿಂದು ಸಾಗರ. ಅದೇ ತಾಲ್ಲೂಕಿನ ಕಂಕಣವಾಡಿ ಹತ್ತಿರ ಗುಹೇಶ್ವರ ನಡುಗಡ್ಡೆಯ ರೈತರು ದೋಣಿಯಲ್ಲಿ ದಾಟಿ ದಾಟಿ ಸಾಕಾಗಿ ಬ್ಯಾರಲ್ ಜೋಡಿಸಿ ತಾವೇ ಸೇತುವೆ ಮಾಡಿಕೊಂಡರು. ಎರಡಕ್ಕೂ ನಾನು ತಲೆಬಾಗುತ್ತೇನೆ. ಒಂದು ನೀರಿಗಾಗಿ, ಇನ್ನೊಂದು ದಾರಿಗಾಗಿ. ಮಣ್ಣಿಗಾಗಿ ಅಂಥ ಒಗ್ಗಟ್ಟು ಇನ್ನೂ ಊರೂರಿಗೆ ಬಂದಿಲ್ಲ.

ಬರಬಹುದು ಎನ್ನಲು ಕಾಗವಾಡ ಕಡೆಯ ಉಗಾರ ಬುದ್ರುಕ್ ಊರನ್ನು ನೋಡಬೇಕು. ಅಲ್ಲಿ ಹೊಲದಡಿ ತೂತಿನ ಕೊಳವೆ ಹೂತು ಉಪ್ಪುನೀರನ್ನು ಬಸಿದು ಹೊರಗೆ ಹಾಕುವ ಕೆಲಸ ನಡೆದಿದೆ. ಇದು ಒಬ್ಬನಿಂದ ಆಗದ ಕೆಲಸ. ಮೇಲಿನವನ ನೀರು ಕೆಳಗಿನವನ ಹೊಲ ದಾಟಿಯೇ ಹಳ್ಳ ಸೇರಬೇಕು, ಬದು ಬದುವಿನ ಜಗಳ ಬದಿಗಿಡಬೇಕು. ಕಬ್ಬಿನ ರವದಿ ಸುಡದೆ ಮಣ್ಣಿಗೆ ಬಿಡುವುದು, ಹರಿನೀರು ಬಿಟ್ಟು ಹನಿ ನೀರಾವರಿ ಹಿಡಿಯುವುದು ಜೊತೆಗೇ ಆಗಬೇಕು. ಪಂಚನಾಮೆಯ ಹಾಳೆಯಲ್ಲಿ ಸವಳಿಗೂ ಒಂದು ಸಾಲು ಬೇಕು.

ಮೊಣಕಾಲೆತ್ತರದ ಕಬ್ಬಿನ ಆ ಕಾಕಾಗೆ ಕೊಳವೆಯ ಮಾತು ಹೇಳಿದೆ. ಖರ್ಚು ಎಷ್ಟು ಎಂದು ಅವರು ಕೇಳಲಿಲ್ಲ. ಕೆಳಗಿನ ಹೊಲದ ಕಡೆ ಕೈ ಮಾಡಿ, “ಅವಂಗೂ ನನಗೂ ಹನ್ನೆರಡು ವರ್ಷ ಆತು ಮಾತಿಲ್ಲ. ನೀನೂ ಬಾ, ಸಂಜೀಕ ಹೋಗೂಣು” ಅಂದರು.