ಹಾಡು ಪೋಣಿಸುವ ಕಲೆ

1986ರಲ್ಲಿ ಆರಂಭವಾದ ಇಂಡಿಪೆಂಡೆನ್ಸ್ ರಾಕ್ ಉತ್ಸವವು ಅದಾಗಲೇ ರಸಿಕವೃಂದವೊಂದನ್ನು ಬೆಳೆಸಿದ್ದ ಮುಂಬಯಿಯಲ್ಲಿ, 1993ರಲ್ಲಿ ಆಕಾಶವಾಣಿಯು ತನ್ನ ಎಫ್.ಎಂ. ವೇಳೆಯನ್ನು ಟೈಮ್ಸ್ ಎಫ್.ಎಂ., ರೇಡಿಯೋ ಮಿಡ್-ಡೇ ಮೊದಲಾದ ಖಾಸಗಿಯವರಿಗೆ ಹಂಚಿಕೊಟ್ಟಾಗ, ಮಧ್ಯಮ ತರಂಗದ ಇಕ್ಕಟ್ಟಿನಲ್ಲಿ ಮಂಕಾಗಿ ಕೇಳುತ್ತಿದ್ದ ಗಿಟಾರಿನ ನಾದವು, ಸೆಕೆಂಡಿಗೆ 15,000 ಆವರ್ತಗಳವರೆಗಿನ ವಿಶಾಲ ಶ್ರವ್ಯಪಥವನ್ನು ಪಡೆದು ಸ್ಫುಟವಾಗಿ ಮೊಳಗಿತು.

ಆದರೆ ನನ್ನ ಮೆಚ್ಚುಗೆಯು ಯಂತ್ರಕ್ಕಿಂತ ಮಿಗಿಲಾಗಿ, ಹಾಡುಗಳ ಅನುಕ್ರಮವನ್ನು ಹೆಣೆದ ಆ ಕುಶಲ ಹಸ್ತಗಳಿಗೆ ಸಲ್ಲತಕ್ಕದ್ದು. ಒಂದು ಗೀತೆ ಕ್ರಮೇಣ ಕ್ಷೀಣಿಸಿ ಮುಗಿಯುವುದೋ, ಥಟ್ಟನೆ ನಿಲ್ಲುವುದೋ ಎಂಬುದನ್ನು ಮೊದಲೇ ಅರಿತು, ಮುಂದಿನದರ ಲಯವನ್ನೂ ಶ್ರುತಿಯನ್ನೂ ಅದಕ್ಕೆ ಹೊಂದಿಸಿ, ಗಾಯಕನ ಕಂಠ ಏಳುವ ಮುನ್ನಿನ ಕೆಲವೇ ಸೆಕೆಂಡುಗಳ ವಾದ್ಯಭಾಗದಲ್ಲಿ ತನ್ನ ಮಾತನ್ನು ಮುಗಿಸಿ ಸರಿಯುವ ನಿರೂಪಕನ ವಿವೇಕವು, ಹೂವಾಡಗಿತ್ತಿ ಬಣ್ಣವರಿತು ಮಾಲೆ ಕಟ್ಟುವ ಜಾಣ್ಮೆಯಂಥದು. ಪರಿಚಿತ ಗೀತೆಗಳೆರಡರ ನಡುವೆ ಅಪರಿಚಿತವೊಂದನ್ನಿಟ್ಟು ಶ್ರೋತೃವಿನ ಅಭಿರುಚಿಯನ್ನು ಮೆಲ್ಲನೆ ಹಿಗ್ಗಿಸುವುದು ಈ ವಿದ್ಯೆಯ ಪರಮ ಸೂಕ್ಷ್ಮ.

2002ರಲ್ಲಿ ಮುಂಬಯಿಗೆ ಸ್ವತಂತ್ರ ಖಾಸಗಿ ನಿಲಯಗಳು ಬಂದಾಗ, ಅವುಗಳಲ್ಲೊಂದಾದ ಗೋ 92.5 ಇಂಗ್ಲಿಷ್ ಗೀತೆಗಳಿಗೆ ಆದರದ ಸ್ಥಾನವಿತ್ತಿತು. ವರ್ಷಂಪ್ರತಿ ಶೇಕಡಾ 15ರಂತೆ ಏರುವ ಪರವಾನಗಿ ಶುಲ್ಕವನ್ನು ನಿಲಯಗಳು ಹೊರಬೇಕಾಗಿದ್ದ ಆ ದಿನಗಳಲ್ಲಿ, ಅಧಿಕ ಶ್ರೋತೃಗಳನ್ನು ಸೆಳೆಯುವ ಹಿಂದಿ ಚಿತ್ರಗೀತೆಗಳತ್ತ ಪಟ್ಟಿಗಳು ವಾಲಿದುದು ಸಹಜವೇ. ಆ ನಿಲಯವೂ ಮುಂದೆ ರೇಡಿಯೋ ಒನ್ ಎಂಬ ಹೆಸರು ತಾಳಿತು. ಆದರೂ, ಅಂಧೇರಿಯ ಕೋಣೆಯಲ್ಲಿಯೋ ಡೊಂಬಿವಲಿಯ ಚಾಳಿನಲ್ಲಿಯೋ ಕುಳಿತ ತರುಣನಿಗೆ ದುಬಾರಿ ಧ್ವನಿಮುದ್ರಿಕೆಗಳ ಹಂಗಿಲ್ಲದೆ ಲೋಕಸಂಗೀತದ ಬಾಗಿಲನ್ನು ತೆರೆದ ಆ ಪಟ್ಟಿಕಾರರು, ಯಾವ ವಾದ್ಯವನ್ನೂ ನುಡಿಸದಿದ್ದರೂ, ಸಂಗೀತಗಾರರ ಪಂಕ್ತಿಯಲ್ಲಿಯೇ ಗಣ್ಯರು.