ತಿಪ್ಪಸಂದ್ರದ ತಿಪ್ಪ: ಹ್ರಸ್ವನಾಮಗಳ ನಿಷ್ಪತ್ತಿವಿಚಾರ

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರವೆಂಬ ಊರಿನ ಹೆಸರಿನಲ್ಲಿ ಉತ್ತರಪದವು ವಿವಾದಕ್ಕೆ ಎಡೆಗೊಡುವುದಿಲ್ಲ. 'ಸಮುದ್ರ'ವೆಂದರೆ ಇಲ್ಲಿ ಹಿರಿಯ ಕೆರೆ. ನಡುವಣ ಉಕಾರವು ಲೋಪಿಸಿ, ಮಕಾರವು ದಕಾರದ ಸಂಗದಿಂದ ನಕಾರವಾಗಲು 'ಸಂದ್ರ'ವಾಯಿತು. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರಗಳು ಇದೇ ಎರಕದವು. ಅನಂತಪುರದ ಬುಕ್ಕರಾಯಸಮುದ್ರದಲ್ಲಿರುವಂತೆ ಇಂತಹ ಪದಗಳ ಮೊದಲಲ್ಲಿ ವ್ಯಕ್ತಿನಾಮವು ನಿಲ್ಲುವುದು ವಾಡಿಕೆಯಾದುದರಿಂದ ತಿಪ್ಪನೊಬ್ಬನಿದ್ದನೆಂದು ಹಿಡಿಯುವುದೇ ಯುಕ್ತವಾಗಿದೆ.

ಈ ತಿಪ್ಪನ ಹೆಸರಿಗೆ ಎರಡು ವ್ಯುತ್ಪತ್ತಿಗಳು ಪ್ರಚಾರದಲ್ಲಿವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಮೃತ್ಯುವಿಗೆ ಬೇಡವಾಗಲೆಂದು ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಹಾಗೆಯೇ ಹೆಸರಿಡುವ ಪದ್ಧತಿಯನ್ನು ಒಂದು ಪಕ್ಷದವರು ಸ್ಮರಿಸುವರು. ಇನ್ನೊಂದು ಪಕ್ಷದವರಿಗೆ ಆಧಾರವು ಅಲಂಕಾರಶಾಸ್ತ್ರದಿಂದ ಬರುತ್ತದೆ. ವಾಮನನ ಕಾವ್ಯಾಲಂಕಾರಸೂತ್ರವೃತ್ತಿಗೆ 'ಕಾಮಧೇನು' ಎಂಬ ವ್ಯಾಖ್ಯಾನವನ್ನು ಬರೆದ ಸಾಳುವ ಮನೆತನದ ಗೋಪೇಂದ್ರ ತಿಪ್ಪಭೂಪಾಲನು ಗೋಪೇಂದ್ರ ತ್ರಿಪುರಹರಭೂಪಾಲನೆಂದೂ ಪ್ರಸಿದ್ಧನು. ಆದುದರಿಂದ ತಿಪ್ಪನೆಂದರೆ ತ್ರಿಪುರಹರನೆಂದು ಇವರ ವಾದ.

ಒಂದು ಹೆಸರಿಗೆ ಒಂದೇ ಬೇರೆಂಬ ಭಾವನೆಯು ಉಭಯಪಕ್ಷಕ್ಕೂ ಸಮಾನವಾದ ದೋಷ. ಇದನ್ನು ಪರೀಕ್ಷಿಸಲು ಜರ್ಮನ್ ನಾಮಗಳಿಗಿಂತ ಒಳ್ಳೆಯ ಒರೆಗಲ್ಲಿಲ್ಲ. ಫ್ಯೋರ್ಸ್ಟೆಮಾನನ ನಾಮಕೋಶವು ೧೮೫೬ರಲ್ಲಿಯೂ, ಮುದ್ದುಹೆಸರುಗಳನ್ನೇ ಕುರಿತ ಷ್ಟಾರ್ಕನ ಗ್ರಂಥವು ೧೮೬೮ರಲ್ಲಿಯೂ ಹೊರಟುವು. ಆ ಭಾಷೆಯ ಪ್ರಾಚೀನ ನಾಮಗಳು ಪ್ರಾಯಶಃ ದ್ವಿಪದಗಳು: ಫ್ರೀಡ್ರಿಖ್ ಎಂಬಲ್ಲಿ ಶಾಂತಿಯೂ ಪ್ರಭುವೂ, ಹೆರ್ಮನ್ ಎಂಬಲ್ಲಿ ಸೇನೆಯೂ ಪುರುಷನೂ ಕೂಡಿವೆ. ಮನೆಮಾತಿನಲ್ಲಿ ಫ್ರೀಡ್ರಿಖನು ಫ್ರಿಟ್ಸ್ ಆದನು. ಬೆರ್ನ್‌ಹಾರ್ಟನು ರೇಫವನ್ನು ಕಳೆದುಕೊಂಡು, ನಕಾರವನ್ನು ಇಮ್ಮಡಿಸಿ, ಬೆನ್ನೋ ಆದನು. ನಮ್ಮ ಕೃಷ್ಣನು ಕಿಟ್ಟನೂ ಸುಬ್ರಹ್ಮಣ್ಯನು ಸುಬ್ಬನೂ ಆದ ಹಾದಿ ಇದೇ. ಹಾಗಾದರೆ ತ್ರಿಪುರಹರನು ತಿಪ್ಪನಾಗುವುದಕ್ಕೆ ಅಡ್ಡಿಯಿಲ್ಲ. ಆದರೆ ಬೆನೆಡಿಕ್ಟ್ ಎಂಬ ಲ್ಯಾಟಿನ್ ಮೂಲದ ಹೆಸರೂ ಬೆನ್ನೋ ಎಂದೇ ಮೊಟಕಾಗುವುದು. ಕರಡಿಯ ಧೈರ್ಯವುಳ್ಳವನೂ ಆಶೀರ್ವಾದ ಪಡೆದವನೂ ಒಂದೇ ಹೆಸರಿಗೆ ಓಗೊಡುತ್ತಾರೆ!

ಪಂಡಿತರು ಹೊದಿಸುವ ಅಂಗಿಯ ವಿಷಯದಲ್ಲಿಯೂ ಎಚ್ಚರ ಬೇಕು. ರೋಮನರನ್ನು ಸೋಲಿಸಿದ ಆರ್ಮಿನಿಯಸನಿಗೆ ಹದಿನಾರನೆಯ ಶತಮಾನದ ಜರ್ಮನ್ ವಿದ್ವಾಂಸರು ಹೆರ್ಮನ್ ಎಂದು ಹೆಸರಿಟ್ಟರು. ಶಬ್ದಶಾಸ್ತ್ರವು ಅದನ್ನು ಒಪ್ಪಲಿಲ್ಲ. (ಅದೇ ಹೆಸರು ೧೮೪೪ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರ ಹೆಸರಿನ ಮುಂದೆ ಬಂದು ಕುಳಿತಿತು, ಅಲ್ಲಿ ಸೇನೆಯನ್ನು ಯಾರು ನೆನೆದರು?) ತ್ರಿಪುರಹರನೂ ಇಂತಹ ಅಂಗಿಯೇ ಇರಬಹುದಾದರೂ ಒಂದು ಭೇದವುಂಟು: ಆರ್ಮಿನಿಯಸನಿಗೂ ಅವನ ನಾಮಕರಣ ಮಾಡಿದವರಿಗೂ ನಡುವೆ ಹದಿನೈದು ಶತಮಾನಗಳಿದ್ದುವು, ಇಲ್ಲಿ ಎರಡು ರೂಪಗಳೂ ಒಬ್ಬನೇ ದೊರೆಯವು.

ರೂಪದಿಂದ ಕೆಲವನ್ನು ಬೇರ್ಪಡಿಸಬಹುದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರಿನ ಏಕಾರವು ತ್ರಿಪುರದಿಂದ ಬರಲಾರದು. ಅಲ್ಲಿ ತಿಪ್ಪೆಯೇ ಸ್ಪಷ್ಟ. ತಿಪ್ಪೇಶನೆಂಬಲ್ಲಿ ಗುಣಸಂಧಿಯು ಅಡ್ಡ ಬಂದು ಸಂದೇಹವನ್ನು ಉಳಿಸುವುದು. ಬರಿಯ ತಿಪ್ಪನಂತೂ ಎರಡು ಕಡೆಗೂ ಸಲ್ಲುವನು. ಇದನ್ನು ಗಣಿಸದೆ, ತಿಪ್ಪೆಯು ಹೀನವೆಂದು ನಾಚಿ ತಿಪ್ಪಯ್ಯನನ್ನು ತ್ರಿಪುರಾರಿಯೆಂದು ತಿದ್ದುವ ಸುಧಾರಣೆಯು ಭಾಷೆಗೆ ಮಾಡುವ ಉಪಕಾರವಲ್ಲ. ಮಗುವನ್ನು ಉಳಿಸಿಕೊಳ್ಳಲು ತಾಯಿಯೊಬ್ಬಳು ಪಟ್ಟ ಪಾಡಿಗೆ ಉಳಿದಿರುವ ಸಾಕ್ಷ್ಯವನ್ನು ಅದು ಅಳಿಸುತ್ತದೆ.

ತಿಪ್ಪಸಂದ್ರದ ಮಟ್ಟಿಗೆ, ಬೊಮ್ಮ, ಸಿಂಗ, ಜಕ್ಕ ಎಂಬ ನೆರೆಹೊರೆಯ ಹೆಸರುಗಳು ಬ್ರಹ್ಮ, ಸಿಂಹ, ಯಕ್ಷ ಶಬ್ದಗಳ ತದ್ಭವಗಳಾಗಿರುವುದರಿಂದ ತ್ರಿಪುರಹರನ ಪಕ್ಷಕ್ಕೆ ತಕ್ಕಡಿಯು ಕೊಂಚ ವಾಲುವುದು. ಕೆರೆಗೆ ಹೆಸರು ಕೊಡುವಷ್ಟು ಸಿರಿವಂತನು ತಿಪ್ಪೆಯ ಹೆಸರಿನವನಾಗಿರಲಾರನೆಂಬ ವಾದವನ್ನು ಮಾತ್ರ ಇದಕ್ಕೆ ಕೂಡಿಸಲಾಗದು. ಸಿರಿವಂತರ ಮನೆಗಳಲ್ಲಿಯೂ ಕೂಸುಗಳು ಸಾಯುತ್ತಿದ್ದುವು.