ಹೆಸರು ಅಳಿದರೂ ಫೈಲು ಉಳಿದೀತು

ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ಒಗಟಿದು. ಡಿಸ್ಕ್ ಪೂರ್ತಿ ತುಂಬಿದೆ ಎನ್ನುತ್ತದೆ ‘ಡಿಎಫ್’ ಕಮಾಂಡು. ಫೈಲುಗಳನ್ನು ಒಂದೊಂದಾಗಿ ಕೂಡಿಸುವ ‘ಡಿಯು’ ಲೆಕ್ಕ ಮಾತ್ರ ಅದರ ಅರ್ಧಕ್ಕೂ ಬರುವುದಿಲ್ಲ. ಎರಡೂ ಸುಳ್ಳು ಹೇಳುತ್ತಿಲ್ಲ. ಜಾಗ ಮಾಡಲೆಂದು ಯಾರೋ ಭಾರಿ ಲಾಗ್ ಫೈಲೊಂದನ್ನು ಡಿಲೀಟ್ ಮಾಡಿದ್ದಾರೆ. ಅದಕ್ಕೆ ಬರೆಯುತ್ತಿದ್ದ ಪ್ರೋಗ್ರಾಂ ಏನೂ ಆಗಿಲ್ಲವೆಂಬಂತೆ ಬರೆಯುತ್ತಲೇ ಇದೆ. ಹೊಸಬರು ಇಂಥ ಹೊತ್ತಿನಲ್ಲಿ ಯಂತ್ರವನ್ನೇ ರೀಬೂಟ್ ಮಾಡಿಬಿಡುತ್ತಾರೆ. ಪಳಗಿದವರು ಓಡುತ್ತಿರುವ ಪ್ರೋಸೆಸ್ಸಿನ ಒಳಗೇ ಕೈಹಾಕುತ್ತಾರೆ. ಈ ವಾರ ಆ ಕೈಚಳಕದ ಮಾತು.

ಯುನಿಕ್ಸ್ ಪರಂಪರೆಯಲ್ಲಿ ಫೈಲಿನ ಹೆಸರು ಬೇರೆ, ಫೈಲು ಬೇರೆ. ಡೈರೆಕ್ಟರಿಯಲ್ಲಿರುವುದು ಹೆಸರು ಮತ್ತು ‘ಐನೋಡ್’ ಸಂಖ್ಯೆ, ಅಷ್ಟೇ. ಗಾತ್ರವೆಷ್ಟು, ಒಡೆಯ ಯಾರು, ಮಾಹಿತಿ ಡಿಸ್ಕಿನಲ್ಲಿ ಎಲ್ಲಿದೆ ಎಂಬುದೆಲ್ಲ ಐನೋಡ್‌ನಲ್ಲಿರುತ್ತದೆ. ಡಿಲೀಟ್ ಮಾಡಿದಾಗ ಹೋಗುವುದು ಹೆಸರು. ಪಹಣಿಯಿಂದ ಹೆಸರು ತೆಗೆದ ಮಾತ್ರಕ್ಕೆ ಹೊಲ ಮಾಯವಾಗುವುದಿಲ್ಲವಲ್ಲ, ಹಾಗೆ. ಕೊನೆಯ ಹೆಸರೂ ಹೋಗಬೇಕು, ಫೈಲನ್ನು ತೆರೆದಿಟ್ಟುಕೊಂಡ ಕೊನೆಯ ಪ್ರೋಸೆಸ್ಸೂ ಕೈಬಿಡಬೇಕು. ಆಮೇಲಷ್ಟೇ ಕರ್ನಲ್ ಆ ಜಾಗವನ್ನು ಬಿಡಿಸುತ್ತದೆ.

ಪ್ರೋಗ್ರಾಂಗಳು ತಾತ್ಕಾಲಿಕವಾಗಿ ಬಳಸುವ ‘ಟೆಂಪ್’ ಫೈಲುಗಳ ಜಾಣತನವೆಲ್ಲ ನಿಂತಿರುವುದು ಈ ನಿಯಮದ ಮೇಲೆ. ಫೈಲು ತೆರೆದ ಬೆನ್ನಿಗೇ ಅದರ ಹೆಸರನ್ನು ಅಳಿಸಿಬಿಡುವುದು ಪ್ರೋಗ್ರಾಂ ಬರೆಯುವವರ ಹಳೆಯ ರೂಢಿ. ಪ್ರೋಗ್ರಾಂ ನಡುದಾರಿಯಲ್ಲಿ ಕುಸಿದರೂ ಕಸ ಉಳಿಯದು. 2013ರ ಲಿನಕ್ಸ್ 3.11 ಆವೃತ್ತಿಯಂತೂ ಹೆಸರೇ ಇಡದೆ ಫೈಲು ಹುಟ್ಟಿಸುವ ಸೌಲಭ್ಯ ಕೊಟ್ಟಿತು.

ಹೆಸರಿಲ್ಲದ್ದನ್ನು ಹುಡುಕುವುದೆಲ್ಲಿ? ‘ಪ್ರಾಕ್’ ಡೈರೆಕ್ಟರಿಯಲ್ಲಿ. ಓಡುತ್ತಿರುವ ಪ್ರೋಸೆಸ್ಸುಗಳನ್ನೇ ಫೈಲುಗಳಂತೆ ತೋರಿಸುವ ವಿಚಾರವನ್ನು ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ 1984ರಲ್ಲಿ ಮಂಡಿಸಿದ್ದರು. ಲಿನಕ್ಸ್‌ನ ಪ್ರಾಕ್‌ನಲ್ಲಿ ಪ್ರತಿ ಪ್ರೋಸೆಸ್ಸಿಗೂ ಅದರ ಸಂಖ್ಯೆಯದೇ ಒಂದು ಡೈರೆಕ್ಟರಿ; ಅದರೊಳಗಿನ ‘ಎಫ್‌ಡಿ’ಯಲ್ಲಿ ಅದು ತೆರೆದಿಟ್ಟಿರುವ ಒಂದೊಂದು ಫೈಲಿಗೂ ಒಂದೊಂದು ಕೊಂಡಿ. ಹೆಸರು ಅಳಿದವುಗಳ ಪಕ್ಕ ‘ಡಿಲೀಟೆಡ್’ ಎಂದು ಬರೆದಿರುತ್ತದೆ. ಎಲ್ಲವನ್ನೂ ಜಾಲಾಡುವ ವ್ಯವಧಾನ ಇಲ್ಲದವರಿಗೆ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದ ವಿಕ್ಟರ್ ಏಬಲ್ ಬರೆದ ‘ಎಲ್‌ಎಸ್‌ಓಎಫ್’ ಇದೆ. ಅದಕ್ಕೆ ‘ಪ್ಲಸ್ ಎಲ್ 1’ ಸೇರಿಸಿದರೆ ಹೆಸರು ಕಳೆದುಕೊಂಡ ಫೈಲುಗಳ ಪಟ್ಟಿಯೇ ಸಿಗುತ್ತದೆ.

ಎಫ್‌ಡಿಯ ಕೊಂಡಿ ಹೆಸರನ್ನು ಹುಡುಕಿಕೊಂಡು ಹೋಗುವುದಿಲ್ಲ, ನೇರ ಫೈಲನ್ನೇ ಮುಟ್ಟುತ್ತದೆ. ಆದ್ದರಿಂದ ಸಾಮಾನ್ಯ ‘ಸಿಪಿ’ ಕಮಾಂಡಿನಿಂದಲೇ ಅದನ್ನು ಬೇರೆಡೆಗೆ ನಕಲು ಮಾಡಿಕೊಳ್ಳಬಹುದು. ಫ್ಲ್ಯಾಶ್ ಪ್ಲೇಯರ್ ತನ್ನ ವಿಡಿಯೊ ಟೆಂಪ್ ಫೈಲನ್ನು ಡಿಲೀಟ್ ಮಾಡಿ ಬಚ್ಚಿಡತೊಡಗಿದಾಗ ಲಿನಕ್ಸ್ ಬಳಕೆದಾರರು ವಿಡಿಯೊ ಉಳಿಸಿಕೊಂಡದ್ದು ಇದೇ ದಾರಿಯಿಂದ. ನಕಲು ಮಾಡುವಾಗ ಬರಹ ಮುಂದುವರಿಯುತ್ತಿದ್ದರೆ ‘ಸ್ಟಾಪ್’ ಸಿಗ್ನಲ್ ಕೊಟ್ಟು ಪ್ರೋಸೆಸ್ಸನ್ನು ನಿಲ್ಲಿಸಿ, ನಕಲಾದ ಮೇಲೆ ‘ಕಂಟಿನ್ಯೂ’ ಕೊಡುವುದು ನಾಜೂಕಿನ ಕ್ರಮ. ಪ್ರೋಗ್ರಾಂ ತನ್ನ ಬಫರಿನಲ್ಲೇ ಇಟ್ಟುಕೊಂಡು ಇನ್ನೂ ಫೈಲಿಗೆ ಇಳಿಸದ ಭಾಗ ಮಾತ್ರ ಹೀಗೆ ಸಿಗುವುದಿಲ್ಲ.

ಉಳಿಸುವುದು ಬೇಡ, ಜಾಗ ಸಿಕ್ಕರೆ ಸಾಕು ಎನ್ನುವವರು ಅದೇ ಕೊಂಡಿಯ ಮೂಲಕ ಫೈಲನ್ನು ಸೊನ್ನೆಗೆ ಇಳಿಸಬಹುದು. ಸರ್ವಿಸ್ ನಿಲ್ಲಿಸದೆಯೇ ಡಿಸ್ಕ್ ಖಾಲಿಯಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಪ್ರೋಗ್ರಾಂ ಫೈಲನ್ನು ‘ಅಪೆಂಡ್’ ರೀತಿಯಲ್ಲಿ ತೆರೆದಿಲ್ಲದಿದ್ದರೆ ತಾನು ಬಿಟ್ಟ ಜಾಗದಿಂದಲೇ ಬರೆಯುವುದನ್ನು ಮುಂದುವರಿಸುತ್ತದೆ. ಆಗ ಫೈಲಿನ ಗಾತ್ರ ಮತ್ತೆ ಹಿಂದಿನಷ್ಟೇ ಕಾಣುತ್ತದೆ. ಗಾಬರಿ ಬೇಡ: ನಡುವಿನದು ಬರೀ ಪೊಳ್ಳು, ಡಿಸ್ಕಿನಲ್ಲಿ ಜಾಗ ತಿನ್ನುವುದಿಲ್ಲ. ಇನ್ನು, ಓಡುತ್ತಿರುವ ಡೇಟಾಬೇಸಿನ ಫೈಲಿಗೆ ಈ ಪ್ರಯೋಗ ಮಾಡುವುದು ಕೈಯಾರೆ ಅನಾಹುತ ತಂದುಕೊಂಡಂತೆಯೇ.

ಯಾರು ಬೇಕಾದರೂ ಯಾರ ಪ್ರೋಸೆಸ್ಸನ್ನಾದರೂ ಇಣುಕಬಹುದೆಂದಲ್ಲ. ನಿಮ್ಮ ಪ್ರೋಸೆಸ್ಸು ನಿಮಗೆ ತೆರೆಯುತ್ತದೆ. ಉಳಿದವರದಕ್ಕೆ ರೂಟ್ ಅಧಿಕಾರ ಬೇಕು. ಇನ್ನೊಂದು ತೊಡಕೂ ಇದೆ: ಸರ್ವಿಸ್‌ಗಳನ್ನು ನಡೆಸುವ ‘ಸಿಸ್ಟಮ್‌ಡಿ’ ಅವುಗಳಲ್ಲಿ ಕೆಲವಕ್ಕೆ ಪ್ರತ್ಯೇಕ ಟೆಂಪ್ ಡೈರೆಕ್ಟರಿಯನ್ನೇ ಕೊಟ್ಟಿರುತ್ತದೆ. ನೀವು ಟೆಂಪ್‌ನಲ್ಲಿ ಹುಡುಕಿದ ಫೈಲು ಕಾಣದಿದ್ದರೆ ಆ ಪ್ರೋಸೆಸ್ಸಿನ ಪ್ರಾಕ್ ಡೈರೆಕ್ಟರಿಯಲ್ಲಿರುವ ‘ರೂಟ್’ ಕೊಂಡಿಯ ಮೂಲಕ ಹೋಗಿ ನೋಡಿ. ಅಲ್ಲಿ ಕಾಣುವುದು ಆ ಪ್ರೋಸೆಸ್ಸಿನ ಕಣ್ಣಿಗೆ ಬೀಳುವ ಟೆಂಪ್.

ಇವುಗಳಲ್ಲಿ ಯಾವ ಕಮಾಂಡನ್ನು ಮರೆತರೂ ಚಿಂತೆಯಿಲ್ಲ, ಕ್ರಮವನ್ನು ಮರೆಯಬೇಡಿ. ಬೇಕಾದ ಫೈಲು ಡಿಲೀಟ್ ಆಯಿತೆಂದು ಗೊತ್ತಾದ ಕೂಡಲೇ ಪ್ರೋಗ್ರಾಂ ಮುಚ್ಚಬೇಡಿ, ರೀಬೂಟ್ ಮಾಡಬೇಡಿ. ಮೊದಲು ಎಫ್‌ಡಿಯಲ್ಲಿ ನೋಡಿ, ನಕಲು ಮಾಡಿಕೊಳ್ಳಿ, ನಕಲನ್ನು ತೆರೆದು ಪರೀಕ್ಷಿಸಿ. ಪ್ರೋಸೆಸ್ಸು ಮುಗಿದ ಮೇಲೆ ಈ ಬಾಗಿಲು ಮತ್ತೆ ತೆರೆಯುವುದಿಲ್ಲ.